ಅಕ್ಕ ಬಂತು, ಅಕ್ಕ ಬಂದಳು, ಅಕ್ಕ ಬಂದರು



ಭಾನುವಾರದ ಕನ್ನಡ ತರಗತಿಗೆ ಬರುವವರಿಗೆ ನನ್ನ ಒಂದು ಗೊಣಗಾಟ ಚೆನ್ನಾಗಿ ಗೊತ್ತು. ನೀವು ಹುಟ್ಟಿದ್ದು, ಆಡಿದ್ದು, ಜಗಳವಾಡಿದ್ದು ಎಲ್ಲ ಹೈದರಾಬಾದಿನ ತೆಲುಗಿನಲ್ಲಿ. ತೆಲುಗಿನಲ್ಲಿ ‘ಅಕ್ಕ ವಚ್ಚಿಂದಿ’ ಎಂದರೆ ತಪ್ಪೇನೂ ಇಲ್ಲ. ಅದನ್ನೇ ನೀವು ಕನ್ನಡಕ್ಕೆ ಎಳೆದು ತಂದು ‘ಅಕ್ಕ ಬಂತು’ ಎನ್ನುತ್ತೀರಿ. ಆಗ ನಾನು, “ಬಸ್ಸು ಬಂತು, ಬೆಕ್ಕು ಬಂತು. ಅಕ್ಕ ಬಂದಳು. ಗೌರವ ಕೊಟ್ಟು ಹೇಳುವುದಾದರೆ ಅಕ್ಕ ಬಂದರು. ಮನುಷ್ಯರನ್ನು ಅದು, ಅವು ಅನ್ನಬಾರದು” ಎಂದು ಹೇಳಿ ಹೇಳಿ ಸಾಕಾಗಿದ್ದೇನೆ.

ಕಳೆದ ತಿಂಗಳು ಆ ಪಾಠ ನನಗೇ ತಿರುಗಿ ಬಂತು. ಅವತ್ತು ತರಗತಿ ನಮ್ಮ ಮನೆಯಲ್ಲೇ ಇತ್ತು. ಮೇಲಿನ ಮಹಡಿಯವರ ಗೃಹಪ್ರವೇಶ. ಗೇಟಿನ ಬಳಿ ಜೋರಾಗಿ ಚಪ್ಪಾಳೆಯ ಸದ್ದು ಕೇಳಿಸಿತು. ಯಾರೆಂದು ನೋಡಬೇಕಾಗಿಯೇ ಇರಲಿಲ್ಲ. ಒಳಗಿದ್ದ ನಮ್ಮ ಯಜಮಾನರಿಗೆ, “ಅವು ಬಂದಿವೆ ನೋಡ್ರೀ, ಮೇಲಿನವರಿಗೆ ಫೋನ್ ಮಾಡಿಬಿಡಿ” ಎಂದು ಕೂಗಿ ಹೇಳಿದೆ.

ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ತಲೆಯೆತ್ತಿ, “ಏನು ಬಂದಿವೆ ಆಂಟಿ? ಹಸುಗಳಾ?” ಎಂದಳು. ಬಾಲ್ಕನಿಗೆ ಹೋಗಿ ಬಗ್ಗಿ ನೋಡಿ ಬಂದಳು. ಗೇಟಿನಲ್ಲಿ ನಾಲ್ಕು ಜನ ಸೀರೆಯುಟ್ಟು ನಿಂತಿದ್ದರು. “ಮನುಷ್ಯರಿಗೆ ಅವು ಅನ್ನಬಾರದು ಅಂತ ನೀವೇ ಅಲ್ವಾ ಹೇಳಿದ್ದು?” ಎಂದಳು. ಕೊಂಕಿನಿಂದ ಕೇಳಿದ್ದಲ್ಲ. ವ್ಯಾಕರಣದ ಸಂದೇಹ, ಅಷ್ಟೇ.

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು ನಾನು. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಎರಡೂ ಭಾಷೆಗಳಲ್ಲಿ ಬಾಯಿಪಾಠ ಮಾಡಿದವಳು. ಗೇಟಿನಲ್ಲಿ ನಿಂತ ನಾಲ್ವರನ್ನು ಒಂದೇ ಮಾತಿನಲ್ಲಿ ಮನುಷ್ಯರ ಸಾಲಿನಿಂದ ಎತ್ತಿ ಆಚೆಗಿಟ್ಟಿದ್ದೆ, ನನಗದು ಗೊತ್ತೂ ಆಗಿರಲಿಲ್ಲ. ಅದಕ್ಕೇ ಈ ಸಲ ಅಡುಗೆ, ಹಬ್ಬ, ಪರೀಕ್ಷೆಯ ಭಯ ಎಲ್ಲ ಬಿಟ್ಟು ಈ ವಿಷಯ ಬರೆಯುತ್ತಿದ್ದೇನೆ.

ಹೀಗೆ ಆಚೆಗಿಡುವ ಕೆಲಸವನ್ನು ನನಗಿಂತ ಮೊದಲೇ ಸರ್ಕಾರ ಮಾಡಿತ್ತು. ನಾವಿರುವ ಈ ಹೈದರಾಬಾದಿನಲ್ಲಿ 1919ರಲ್ಲಿ, ಅಂದರೆ ಫಸಲಿ 1329ರಲ್ಲಿ, ನಿಜಾಮರ ಸರ್ಕಾರ ಹಿಜ್ರಾಗಳ ಬಗ್ಗೆ ಒಂದು ಕಾನೂನು ಮಾಡಿತು. ಅನುಮಾನಕ್ಕೆ ಗುರಿಯಾದವರ ಹೆಸರು, ವಾಸದ ಜಾಗ ಎಲ್ಲ ಒಂದು ಪಟ್ಟಿಯಲ್ಲಿ ಬರೆದಿಡಬೇಕು. ಪಟ್ಟಿಯಲ್ಲಿ ಹೆಸರಿರುವವರು ಹೆಣ್ಣಿನ ಉಡುಗೆ ಉಟ್ಟು, ಒಡವೆ ತೊಟ್ಟು ಬೀದಿಯಲ್ಲಿ ಕಂಡರೆ, ಜನರೆದುರು ಹಾಡಿ ಕುಣಿದರೆ, ವಾರಂಟ್ ಇಲ್ಲದೆಯೇ ಹಿಡಿಯಬಹುದು. ಎರಡು ವರ್ಷದವರೆಗೆ ಜೈಲಿಗೂ ಹಾಕಬಹುದು. ಯಾರಿಗೂ ಕೆಡುಕು ಮಾಡಿರಬೇಕಾಗಿಯೇ ಇರಲಿಲ್ಲ.

ಇದು ಹೈದರಾಬಾದಿನವರ ಹಳೆಯ ಕಥೆ, ನಮಗೇನು ಎನ್ನಬೇಡಿ. ಬೀದರ್, ಕಲಬುರ್ಗಿ, ರಾಯಚೂರು, ಕೊಪ್ಪಳ, ಅಂದರೆ ನಿಮ್ಮಲ್ಲಿ ಎಷ್ಟೋ ಜನರ ತಾತ ಮುತ್ತಾತಂದಿರ ಊರುಗಳು, ಆಗ ಇದೇ ಸಂಸ್ಥಾನದಲ್ಲಿದ್ದವು. ಕೊಪ್ಪಳದ ಸೀಮೆಯ ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿಯಿದೆ. ಗಂಡಾಗಿ ಹುಟ್ಟಿ, ಒಳಗೆ ಹೆಣ್ಣೆನಿಸಿ, ಮುತ್ತು ಕಟ್ಟಿಸಿಕೊಂಡು ಜೋಗತಿಯಾದವರು ಅಲ್ಲಿ ಕೊಡ ಹೊತ್ತು ಹಾಡಿ ಕುಣಿಯುವುದು ದೇವಿಯ ಸೇವೆ. ಅದೇ ಸೀರೆ, ಅದೇ ಒಡವೆ, ಅದೇ ಹಾಡು. ಗುಡಿಯ ಮುಂದೆ ಸೇವೆ, ಸರ್ಕಾರದ ಪುಸ್ತಕದಲ್ಲಿ ಅಪರಾಧ!

ನಿಜಾಮರು ಹೋದರು, ರಾಜ್ಯಗಳು ಒಡೆದು ಕೂಡಿದವು, ಆದರೆ ಈ ಕಾನೂನು ಮಾತ್ರ ಪುಸ್ತಕದಲ್ಲಿ ಹಾಗೇ ಉಳಿದಿತ್ತು. ವೈಜಯಂತಿ ವಸಂತ ಮೋಗ್ಲಿ ಮತ್ತು ಜೊತೆಯವರು 2018ರಲ್ಲಿ ಕೋರ್ಟಿಗೆ ಹೋದರು. ತೆಲಂಗಾಣ ಹೈಕೋರ್ಟು 2023ರ ಜುಲೈನಲ್ಲಿ ಅದು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ ರದ್ದು ಮಾಡಿತು. ಜೊತೆಗೆ, ಆಗ ರಾಜ್ಯದಲ್ಲಿದ್ದ ‘ಆಸರಾ’ ಪಿಂಚಣಿಯನ್ನು ಈ ಜನರಿಗೂ ಕೊಡಬೇಕೆಂದಿತು. ಆಸರಾ ಎಂದರೆ ನಮ್ಮ ಆಸರೆಯೇ. ಆ ಪದವನ್ನು ನೆನಪಿಟ್ಟುಕೊಳ್ಳಿ. ಅದರ ಮಾತಿಗೆ ಮತ್ತೆ ಬರುತ್ತೇನೆ.

ನಿಜಾಮರ ಪಟ್ಟಿಯ ಬಗ್ಗೆ ಹೇಳಿದ ಮೇಲೆ ನನ್ನ ಪಟ್ಟಿಯ ಬಗ್ಗೆಯೂ ಹೇಳಬೇಕು.

2007ರ ರಾಜ್ಯೋತ್ಸವ. ಮಕ್ಕಳ ನಾಟಕದ ಜವಾಬ್ದಾರಿ ನನ್ನದು. ನಾಯಕಿಯ ಪಾತ್ರದ ಹುಡುಗಿಗೆ ಸೀತಾಳೆ ಸಿಡುಬು ಎದ್ದು, ಇನ್ನು ನಾಲ್ಕೇ ದಿನ ಎನ್ನುವಾಗ, ಒಂಬತ್ತನೇ ಕ್ಲಾಸಿನ ಒಂದು ಮಗು ತಾನು ಮಾಡುತ್ತೇನೆ ಎಂದು ಮುಂದೆ ಬಂತು. ನಮ್ಮೆಲ್ಲರ ಕಣ್ಣಿಗೆ ಆಗ ಹುಡುಗ. ನನ್ನ ಇಳಕಲ್ ಸೀರೆ ಉಡಿಸಿದೆ. ಸೀರೆಯ ನಿರಿಗೆಯನ್ನು ಆ ಮಗು ಕಾಲಿನಿಂದ ತಳ್ಳಿಕೊಂಡು ನಡೆದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನಗೆ ಮದುವೆಯಾಗಿ ವರ್ಷವಾದರೂ ಹಾಗೆ ನಡೆಯಲು ಬಂದಿರಲಿಲ್ಲ. ಸಭೆಯಲ್ಲಿ ಸಿಳ್ಳೆ, ಚಪ್ಪಾಳೆ. ನಾಟಕ ಮುಗಿದು ಎಲ್ಲರೂ ಊಟಕ್ಕೆ ಹೋದರೂ ಆ ಮಗು ಸೀರೆಯಲ್ಲೇ ಕುಳಿತಿತ್ತು. “ಇನ್ನೂ ಸ್ವಲ್ಪ ಹೊತ್ತು ಇರಲಿ ಆಂಟಿ” ಎಂದಿತು. ನಾನು, “ಬಿಚ್ಚೋ ಮಾರಾಯ, ಬಿಸಿಬೇಳೆಭಾತು ಖಾಲಿಯಾಗುತ್ತೆ” ಎಂದು ನಕ್ಕುಬಿಟ್ಟೆ.

ಒಂದೆರಡು ವರ್ಷದ ಮೇಲೆ ಆ ಮಗುವಿನ ತಾಯಿ ನಮ್ಮ ಮನೆಗೆ ಬಂದು ಅತ್ತರು. ಓದಿದವಳೆಂದು ನನ್ನ ಸಲಹೆ ಕೇಳಿದರು. ನಾನು ಕೊಟ್ಟ ಸಲಹೆ ಇದು: “ವಯಸ್ಸಿನ ಹುಚ್ಚು, ಹಾಸ್ಟೆಲಿಗೆ ಹಾಕಿ, ಗಂಡುಮಕ್ಕಳ ನಡುವೆ ಬೆಳೆದರೆ ಸರಿಹೋಗುತ್ತೆ. ನಾಟಕಕ್ಕೆ ಕಳಿಸಲೇಬೇಡಿ. ನಾಲ್ಕು ಜನ ಏನಂತಾರೆ?” ಷೇಕ್ಸ್‌ಪಿಯರನ ಕಾಲದಲ್ಲಿ ಹೆಣ್ಣು ಪಾತ್ರಗಳನ್ನೆಲ್ಲ ಹುಡುಗರೇ ಮಾಡುತ್ತಿದ್ದರು ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ಗಳಿಸಿದವಳ ಸಲಹೆ!

ಹತ್ತೊಂಬತ್ತನೇ ವಯಸ್ಸಿನಲ್ಲಿ ಆ ಮಗು ಮನೆಬಿಟ್ಟಿತು. ಮರುವರ್ಷ ಸಂಘದ ಸದಸ್ಯರ ಪಟ್ಟಿ ಅಚ್ಚಾಗುವಾಗ ಕರಡು ತಿದ್ದಿದವಳು ನಾನು. ಆ ಮನೆಯ ಸಾಲಿನಲ್ಲಿ ನಾಲ್ಕು ಹೆಸರಿದ್ದದ್ದು ಮೂರಾಯಿತು. ಯಾರೂ ಹೇಳಿರಲಿಲ್ಲ, ನಾನೇ ತೆಗೆದೆ. ತಾಯಿಗೆ ಮುಜುಗರ ಆಗಬಾರದೆಂದು ತೆಗೆದೆ ಎಂದು ಅಂದುಕೊಂಡಿದ್ದೆ. ನಿಜಾಮರ ಪಟ್ಟಿ ಹೆಸರು ಬರೆದು ಶಿಕ್ಷಿಸಿತು, ನನ್ನ ಪಟ್ಟಿ ಹೆಸರು ಹೊಡೆದು ಶಿಕ್ಷಿಸಿತು.

ಗೃಹಪ್ರವೇಶದ ಆ ಭಾನುವಾರದ ಮರುದಿನ ತಾಯಿಗೆ ಫೋನ್ ಮಾಡಿದೆ. ಈಗ ಅವರಿಗೆ ಎಪ್ಪತ್ತು ದಾಟಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಂಬರು ಕೊಟ್ಟರು. ಹೀಗೆ ಹದಿಮೂರು ವರ್ಷದ ಮೇಲೆ ಒಂದು ಇರಾನಿ ಹೋಟೆಲಿನಲ್ಲಿ ಅವಳೂ ನಾನೂ ಚಹಾ ಕುಡಿದೆವು. ಅವಳು ಎಂದೇ ಬರೆಯುತ್ತೇನೆ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದಳು. ಹಳೆಯ ಹೆಸರು ಬರೆಯುವ ಹಕ್ಕಂತೂ ನನಗಿಲ್ಲ.

ಕ್ಷಮೆ ಕೇಳಬೇಕೆಂದು ಹೋಗಿದ್ದೆ. “ಬಿಡಿ ಆಂಟಿ, ಆ ಸೀರೆ ಉಡಿಸಿದವರೂ ನೀವೇ” ಎಂದಳು. ಅದು ಕ್ಷಮೆಯೋ ಅಲ್ಲವೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಮನೆಬಿಟ್ಟ ಮೊದಲ ರಾತ್ರಿಗಳು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ. ಆಮೇಲೆ ಹಳೇ ಊರಿನಲ್ಲಿ ಒಬ್ಬ ಗುರುವಿನ ಮನೆ. ಹಿಜ್ರಾ ಸಮುದಾಯದಲ್ಲಿ ಗುರು, ಚೇಲಾ ಎಂಬ ಕಟ್ಟು ಇದೆ. ಗುರುವೇ ತಾಯಿ, ಗುರುವಿನ ಮನೆಯೇ ತವರು. ಅಲ್ಲಿ ಕಟ್ಟುನಿಟ್ಟು ಬಹಳ, ಬೈಗುಳ ಬಹಳ, ಗಳಿಕೆಯಲ್ಲಿ ಗುರುವಿಗೆ ಪಾಲು. “ಸ್ವರ್ಗ ಅಂತ ಬರೆಯಬೇಡಿ” ಎಂದಳು. ಆದರೆ ಟೈಫಾಯಿಡ್ ಬಂದಾಗ ಹನ್ನೊಂದು ರಾತ್ರಿ ಪಕ್ಕದಲ್ಲಿ ಕೂತು ತಲೆಗೆ ತಣ್ಣೀರುಪಟ್ಟಿ ಹಾಕಿದ್ದು ಅದೇ ಗುರು. ಮುಂದೆ ಹೊಲಿಗೆ ಕಲಿತಳು. ಈಗ ಬ್ಲೌಸು ಹೊಲಿಯುವ ಒಂದು ಪುಟ್ಟ ಅಂಗಡಿ ಇದೆ. ಬಾಡಿಗೆಮನೆ ಸಿಗುವುದೇ ಕಷ್ಟ, ಸಿಕ್ಕರೆ ಬೇರೆಯವರಿಗಿಂತ ಹೆಚ್ಚು ಬಾಡಿಗೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಪ್ರತಿ ಕಿಟಕಿಯಲ್ಲೂ ಮೊದಲಿನಿಂದ ಕಥೆ ಹೇಳಬೇಕು, ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ.

“ಇದನ್ನೆಲ್ಲ ಹೇಗೆ ತಡಕೊಂಡೆಯಮ್ಮ?” ಎಂದು ಕೇಳಿದೆ. ದೇವರು, ಧೈರ್ಯ, ಹಟ, ಇಂಥದ್ದೇನಾದರೂ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಫೋನು ತೆಗೆದು ತೋರಿಸಿದಳು. ರಾಯಚೂರಿನಲ್ಲಿ ಅವಳ ಚಿಕ್ಕಪ್ಪನ ಮಗಳೊಬ್ಬಳಿದ್ದಾಳೆ. ಆ ಹುಡುಗಿ ಪ್ರತಿ ಯುಗಾದಿಗೆ ಕಳಿಸುತ್ತಿದ್ದ ಮೆಸೇಜು: “ಬೇವು ಬೆಲ್ಲ ತಿಂದೆಯಾ ಅಕ್ಕಾ?” ವರ್ಷಕ್ಕೆ ಒಂದೇ ಸಾಲು. “ಮನೆಯ ಕಡೆಯವರಲ್ಲಿ ಅಕ್ಕ ಅಂದವಳು ಅವಳೊಬ್ಬಳೇ ಆಂಟಿ. ಏನೂ ಬೇಡ ಅನ್ನಿಸಿದಾಗಲೆಲ್ಲ, ಇನ್ನೊಂದು ಯುಗಾದಿವರೆಗೆ ನೋಡೋಣ ಅಂದ್ಕೊಳ್ತಿದ್ದೆ” ಎಂದಳು.

ಮಕ್ಕಳೇ, ನನ್ನ ಬಾಲ್ಕನಿಯ ಕುಂಡದಲ್ಲಿ ಒಂದು ಹೀರೇಬಳ್ಳಿ ಇದೆ. ಬೆಳೆಯುವ ಶಕ್ತಿ ಅದರದ್ದೇ, ನಾನು ಕೊಟ್ಟದ್ದಲ್ಲ. ಆದರೆ ಒಂದು ದಾರ ಕಟ್ಟದಿದ್ದರೆ ಅಲ್ಲೇ ನೆಲಕ್ಕೆ ಬಿದ್ದು ಕೊಳೆಯುತ್ತದೆ. ಆಸರೆ ಎಂದರೆ ಆ ದಾರ. ಕಷ್ಟ ಉಂಡು ಎದ್ದು ನಿಂತವರನ್ನು ಕಂಡು, ‘ಅಬ್ಬಾ, ಎಂಥ ಗಟ್ಟಿ ಮನಸ್ಸು’ ಎಂದು ನಾವು ಹೊಗಳುತ್ತೇವೆ. ಹೊಗಳಿದರೆ ನಮ್ಮ ಕೆಲಸ ಮುಗಿಯಿತು. ದಾರ ಯಾರು ಕಟ್ಟಿದರು, ನಾವೇಕೆ ಕಟ್ಟಲಿಲ್ಲ ಎಂದು ಕೇಳಿಕೊಳ್ಳುವುದಿಲ್ಲ.

ಆ ಒಂದು ಸಾಲಿನ ಮೆಸೇಜಿಗೆ ಅಷ್ಟು ಶಕ್ತಿ ಇರಲು ಸಾಧ್ಯವೇ ಎಂದು ನಿಮಗೆ ಅನುಮಾನ ಬರಬಹುದು. ನೀವು ವಿಜ್ಞಾನದ ಮಕ್ಕಳು, ನಿಮಗೆ ಲೆಕ್ಕ ಬೇಕು. ಅಮೆರಿಕದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಸ್ಟೀಫನ್ ರಸೆಲ್ ಮತ್ತು ಜೊತೆಯವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಮ್ಮ ವಯಸ್ಸಿನವರೇ, 15ರಿಂದ 21 ವರ್ಷದ 129 ಯುವಜನರು. ತಾವು ಆರಿಸಿಕೊಂಡ ಹೆಸರಿನಿಂದ ಮನೆಯಲ್ಲಿ ಕರೆಯುತ್ತಾರೆಯೇ, ಶಾಲೆಯಲ್ಲಿ, ಕೆಲಸದಲ್ಲಿ, ಗೆಳೆಯರ ನಡುವೆ ಕರೆಯುತ್ತಾರೆಯೇ ಎಂದು ಕೇಳಿದರು. ಈ ನಾಲ್ಕು ಕಡೆಗಳಲ್ಲಿ ಆ ಹೆಸರು ನಡೆಯುವ ಜಾಗ ಒಂದೊಂದು ಹೆಚ್ಚಿದಂತೆ ಸಾಯಬೇಕೆನ್ನುವ ಯೋಚನೆ ಶೇಕಡಾ 29ರಷ್ಟು ಕಡಿಮೆ ಇತ್ತು. ಔಷಧಿಯಲ್ಲ, ದುಡ್ಡಲ್ಲ, ಕರೆಯುವ ಹೆಸರು. ರಾಯಚೂರಿನ ಹುಡುಗಿ ಯಾವ ಅಧ್ಯಯನವನ್ನೂ ಓದಿರಲಿಲ್ಲ.

ನಮ್ಮವರೇ ಆದ ಮಂಜಮ್ಮ ಜೋಗತಿಯವರ ಬದುಕಿನಲ್ಲೂ ಇದೇ ಕಾಣುತ್ತದೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ನಾನು ಮೇಲೆ ಹೇಳಿದ ಹುಲಿಗಿಯಲ್ಲೇ ಮುತ್ತು ಕಟ್ಟಿಸಿಕೊಂಡು ಮಂಜಮ್ಮ ಆದರು. ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಅವಮಾನ ಉಂಡು, ಬದುಕೇ ಬೇಡವೆನಿಸಿದ ದಿನಗಳನ್ನು ಅವರೇ ಹೇಳಿಕೊಂಡಿದ್ದಾರೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಒಬ್ಬ ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದನ್ನು ಕಂಡು, ನನಗೂ ಕಲಿಸಿ ಎಂದು ಅವರ ಬೆನ್ನು ಹತ್ತಿದರು. ಮುಂದೆ ಕಾಳವ್ವ ಜೋಗತಿ ಗುರುವಾದರು, ತಂಡಕ್ಕೆ ಸೇರಿಸಿಕೊಂಡರು. ಆ ದಾರ ಹಿಡಿದು ಹಬ್ಬಿದ ಬಳ್ಳಿ ಎಲ್ಲಿಗೆ ಮುಟ್ಟಿತು ನೋಡಿ. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, 2021ರಲ್ಲಿ ಪದ್ಮಶ್ರೀ. ಪ್ರಶಸ್ತಿ ಪಡೆಯುವಾಗ ಅವರು ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ನೀವೂ ನೋಡಿರಬಹುದು.

ಆದರೆ ಎಲ್ಲರೂ ಪದ್ಮಶ್ರೀ ಆಗಬೇಕಾಗಿಲ್ಲ. 2011ರ ಜನಗಣತಿಯಲ್ಲಿ ಗಂಡೂ ಅಲ್ಲ ಹೆಣ್ಣೂ ಅಲ್ಲ, ‘ಇತರೆ’ ಎಂದು ಲೆಕ್ಕಕ್ಕೆ ಬಂದವರು 4,87,803. ಅವರಲ್ಲಿ ಓದುಬರಹ ಬಲ್ಲವರು ನೂರಕ್ಕೆ 56. ಇಡೀ ದೇಶಕ್ಕೆ ಆ ಲೆಕ್ಕ ಆಗ 73. ಹೊರಬಿದ್ದದ್ದು ಮನೆಯಿಂದಷ್ಟೇ ಅಲ್ಲ, ಶಾಲೆಯ ಬೆಂಚಿನಿಂದಲೂ ಎಂಬುದು ಇದರಲ್ಲೇ ತಿಳಿಯುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಗುರುತಿಸಿ ತೀರ್ಪು ಕೊಟ್ಟಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇಕಡಾ 1 ಮೀಸಲಾತಿ ತಂದಿತು.

ನಮ್ಮ ಊರಿನಲ್ಲೂ ಒಳ್ಳೆಯ ಸುದ್ದಿಗಳಿವೆ. 2022ರ ಕೊನೆಯಲ್ಲಿ ಡಾಕ್ಟರ್ ಪ್ರಾಚಿ ರಾಠೋಡ್, ಡಾಕ್ಟರ್ ರೂತ್ ಜಾನ್ ಪಾಲ್ ಇಬ್ಬರೂ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಸರ್ಕಾರಿ ವೈದ್ಯರಾದರು. ತೆಲಂಗಾಣದಲ್ಲಿ ಈ ಸಮುದಾಯದಿಂದ ಹಾಗೆ ಸೇರಿದವರಲ್ಲಿ ಅವರೇ ಮೊದಲಿಗರು. ಅದಕ್ಕೆ ಮೊದಲು ಖಾಸಗಿ ಆಸ್ಪತ್ರೆಗಳಲ್ಲಿ ತಾರತಮ್ಯ ಅನುಭವಿಸಿದ್ದರು. ಮರುವರ್ಷ ರೂತ್ ಅವರಿಗೆ ಸ್ನಾತಕೋತ್ತರ ಸೀಟು ಸಿಕ್ಕಾಗ ಶುಲ್ಕಕ್ಕೆ ಕೈಜೋಡಿಸಿದವರಲ್ಲಿ ಅವರ ಸಹೋದ್ಯೋಗಿ ವೈದ್ಯರೂ ಇದ್ದರು. 2024ರ ಡಿಸೆಂಬರಿನಲ್ಲಿ 39 ಜನ ಹೈದರಾಬಾದ್ ಟ್ರಾಫಿಕ್ ಪೊಲೀಸರ ಸಹಾಯಕರಾಗಿ ಸೇರಿದರು. ಸಿಗ್ನಲ್ಲಿನಲ್ಲಿ ಕೈ ಚಾಚಿದವರನ್ನಷ್ಟೇ ಕಂಡಿದ್ದ ನಾವು, ಅದೇ ಸಮುದಾಯದವರು ಕೈ ಎತ್ತಿದರೆ ಕಾರು ನಿಲ್ಲಿಸಿದೆವು.

ಆಸರೆ ಕಿತ್ತು ಹೋಗುವುದೂ ಸುಲಭ. ನಮ್ಮ ಕಾಚಿಗುಡದ ಪಕ್ಕದ ನಾರಾಯಣಗುಡದಲ್ಲಿ 2021ರಲ್ಲಿ ಈ ಸಮುದಾಯಕ್ಕೆಂದೇ ‘ಮಿತ್ರ್’ ಎಂಬ ಕ್ಲಿನಿಕ್ ತೆರೆಯಿತು. ಒಳಗೆ ಕೆಲಸ ಮಾಡುವವರೂ ಅವರೇ, ಆದ್ದರಿಂದ ಯಾರೂ ಕೆಕ್ಕರಿಸಿ ನೋಡುತ್ತಿರಲಿಲ್ಲ. 2025ರ ಆರಂಭದಲ್ಲಿ ಅಮೆರಿಕದ ನೆರವು ನಿಂತದ್ದೇ ಬಾಗಿಲು ಮುಚ್ಚಿತು. ಅದೇ ವರ್ಷ ಟಾಟಾ ಟ್ರಸ್ಟಿನ ನೆರವಿನಿಂದ ‘ಸಬ್‌ರಂಗ್’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಸಾವಿರಾರು ಮೈಲಿ ದೂರದ ಒಂದು ಸಹಿಗೆ ಕಿತ್ತುಹೋಗುವ ದಾರ! ಅದಕ್ಕೇ ಹತ್ತಿರದ ದಾರಗಳೂ ಬೇಕು. ಅಕ್ಕಪಕ್ಕದವರದು, ಸಂಘದ್ದು, ಚಿಕ್ಕಪ್ಪನ ಮಗಳದು.

ನೀವೇನು ಮಾಡಬಹುದು? ದೊಡ್ಡದೇನೂ ಬೇಡ. ಕಾಲೇಜಿನಲ್ಲಿ ನಿಮ್ಮ ಗೆಳೆಯನೋ ಗೆಳತಿಯೋ ‘ನನ್ನನ್ನು ಇನ್ನು ಈ ಹೆಸರಿನಿಂದ ಕರೆಯಿರಿ’ ಎಂದರೆ ಹಾಗೇ ಕರೆಯಿರಿ. ಬಾಯಿ ತಪ್ಪಿದರೆ ತಿದ್ದಿಕೊಂಡು ಮಾತು ಮುಂದುವರಿಸಿ. ನಿಮ್ಮನ್ನು ನಂಬಿ ಹೇಳಿದ್ದನ್ನು ಊರಿಗೆಲ್ಲ ಹೇಳಬೇಡಿ, ಅವರ ಮನೆಯವರಿಗೂ ಹೇಳಬೇಡಿ. ಯಾವಾಗ ಹೇಳಬೇಕು ಎನ್ನುವುದು ಅವರ ಇಷ್ಟ. ಅವಳೋ ಅವನೋ ತಿಳಿಯದಿದ್ದರೆ ಕಷ್ಟಪಡಬೇಡಿ, ನಮ್ಮ ಕನ್ನಡದಲ್ಲಿ ‘ಅವರು’ ಎಂಬ ಪದವಿದೆ. ಅದು ಗಂಡಿಗೂ ಹೆಣ್ಣಿಗೂ ಒಂದೇ, ಗೌರವ ಬೇರೆ ಅದರೊಳಗೇ ಬಂತು. ಬಾಗಿಲಿಗೆ ಬಂದವರಿಗೆ ದುಡ್ಡು ಕೊಡುವುದು ಬಿಡುವುದು ನಿಮ್ಮಿಷ್ಟ. ಕುಡಿಯಲು ನೀರು ಬೇಕೇ ಎಂದು ಕೇಳುವುದಕ್ಕೆ ಖರ್ಚಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ, ‘ಆಂಟಿ ಬರೆದಿರುವುದು ನನ್ನ ಬಗ್ಗೆಯೇ’ ಅನ್ನಿಸಿದರೆ, ನಿಮಗೊಂದು ಮಾತು. ನೀವು ತಪ್ಪಾಗಿ ಹುಟ್ಟಿಲ್ಲ. ಮನಸ್ಸು ತೀರ ಭಾರವಾದಾಗ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು, ಸರ್ಕಾರದ್ದೇ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಮನೆಯಲ್ಲಿ ಹೇಳುವುದು ಕಷ್ಟವಾದರೆ ನನ್ನ ಬಳಿ ಬನ್ನಿ. ಹಿಂದೆ ಒಬ್ಬ ತಾಯಿಗೆ ಕೊಟ್ಟ ಸಲಹೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲ.

ಆ ತಾಯಿ ಈಗಲೂ ಮಗಳನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಅದು ಅವಳಿಗೆ ಚುಚ್ಚುತ್ತದೆ. ಆದರೆ ಎರಡು ವರ್ಷದಿಂದ ಅಮ್ಮ ಫೋನ್ ಎತ್ತುತ್ತಿದ್ದಾರೆ. “ಮಂಡಿನೋವು ಹೇಗಿದೆ ಅಂತ ಕೇಳ್ತೀನಿ, ತೈಲ ಹಚ್ಚಿಕೊಂಡೆ ಅಂತಾರೆ. ಅಷ್ಟೇ ಮಾತು” ಎಂದಳು. ಅಷ್ಟು ಹೇಳುವಾಗ ಅವಳ ಮುಖ ನೀವು ನೋಡಬೇಕಿತ್ತು.

ಏಳುವ ಮೊದಲು ಒಂದು ಮಾತು ಕೇಳಿದೆ. ಈ ಸಲದ ರಾಜ್ಯೋತ್ಸವದ ನಾಟಕದಲ್ಲಿ ಆರು ಹುಡುಗಿಯರಿಗೆ ಸೀರೆ ಉಡಿಸಬೇಕು, ನನ್ನ ಸೊಂಟ ಮೊದಲಿನಂತಿಲ್ಲ, ಬಂದು ಉಡಿಸಿಕೊಡುತ್ತೀಯಾ ಎಂದೆ. ಯೋಚಿಸಿ ಹೇಳುತ್ತೇನೆ ಎಂದಳು. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಬಂದರೆ, ಬಾಗಿಲು ತೆರೆಯುವವರು ನಿಮ್ಮಲ್ಲಿ ಯಾರೋ ಒಬ್ಬರು. ಒಳಗಿರುವ ನನಗೆ ಕೂಗಿ ಹೇಳಬೇಕಾದದ್ದು ಎರಡೇ ಪದ. ಪಾಠ ನೆನಪಿದೆಯಲ್ಲ?

ಅಕ್ಕ ಬಂದರು.

ನಿಮ್ಮ ಪ್ರೀತಿಯ ಆಂಟಿ